ವಿಪ್‌ಗೊಂದು ಮಿತಿ ಇರಲಿ: ಕರ್ನಾಟಕದ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ವಿಧಾನಸಭಾ ಸದಸ್ಯರೇ,

ನಿಮ್ಮಲ್ಲಿ ಆಡಳಿತ ಪಕ್ಷದವರಿದ್ದೀರಿ, ಪ್ರತಿಪಕ್ಷದವರಿದ್ದೀರಿ, ಪಕ್ಷೇತರರೂ ಇದ್ದೀರಿ. ಈ ಪತ್ರ ಎಲ್ಲರಿಗೂ ಸೇರಿದ್ದು. ಯಾವುದೇ ಒಂದು ಸರ್ಕಾರದ ಮೇಲಿನ ದೂರು ಇದಲ್ಲ, ಏಕೆಂದರೆ ನಾನು ಹೇಳಹೊರಟಿರುವ ವಿಷಯದಲ್ಲಿ ನಿಮ್ಮ ಮೂರೂ ದೊಡ್ಡ ಪಕ್ಷಗಳು ಒಂದೇ ದಾರಿ ಹಿಡಿದಿವೆ. ದೂರು ಇರುವುದು 1985ರಲ್ಲಿ ಸಂವಿಧಾನಕ್ಕೆ ಸೇರಿಕೊಂಡ ಒಂದು ವಾಕ್ಯದ ಬಗ್ಗೆ. ಹತ್ತನೇ ಅನುಸೂಚಿಯ ಎರಡನೇ ಪ್ಯಾರಾದಲ್ಲಿ ಅದು ಇದೆ. ಪಕ್ಷ ಹೊರಡಿಸಿದ ‘ಯಾವುದೇ ನಿರ್ದೇಶನ’ಕ್ಕೆ, ಅಂದರೆ ವಿಪ್‌ಗೆ, ವಿರುದ್ಧವಾಗಿ ಸದಸ್ಯ ಮತ ಹಾಕಿದರೆ, ಅಥವಾ ಮತ ಹಾಕದೆ ಸುಮ್ಮನೆ ಕೂತರೆ, ಅದಕ್ಕೆ ಮುಂಚಿತವಾಗಿ ಅನುಮತಿ ಪಡೆದಿರದಿದ್ದರೆ, ಪಕ್ಷವೂ 15 ದಿನಗಳೊಳಗೆ ಮನ್ನಿಸದಿದ್ದರೆ, ಅವರ ಸದಸ್ಯತ್ವ ಹೋಗುತ್ತದೆ. ಸರ್ಕಾರ ಬೀಳಿಸುವ ಮತಕ್ಕೂ ಅಂಗಡಿ ಪರವಾನಗಿ ಕಾಯ್ದೆಗೆ ತರುವ ಪುಟ್ಟ ತಿದ್ದುಪಡಿಯ ಮೇಲಿನ ಮತಕ್ಕೂ ಶಿಕ್ಷೆ ಒಂದೇ. ನಾಲ್ಕು ದಶಕಗಳ ಲೆಕ್ಕ ತೆಗೆದು ನೋಡಿದರೆ ಈ ಪಕ್ಷಾಂತರ ನಿಷೇಧ ಕಾಯ್ದೆ ಪಕ್ಷಾಂತರವನ್ನು ನಿಲ್ಲಿಸಲಿಲ್ಲ, ಶಾಸನ ರಚನೆಯಲ್ಲಿ ಶಾಸಕರ ಪಾಲನ್ನು ಮಾತ್ರ ನಿಲ್ಲಿಸಿತು ಎಂಬುದು ನನ್ನ ವಾದ. ಅದನ್ನು ರದ್ದು ಮಾಡಿ ಎಂದು ಕೇಳುತ್ತಿಲ್ಲ. ಅದರ ಹಿಡಿತವನ್ನು ವಿಶ್ವಾಸಮತ ಮತ್ತು ಬಜೆಟ್ಟಿಗೆ ಸೀಮಿತಗೊಳಿಸಲು ನೀವು ದನಿ ಎತ್ತಬೇಕು, ಅದಕ್ಕಿಂತ ಮೊದಲು ನಿಮ್ಮ ಕೈಯಲ್ಲೇ ಇರುವಷ್ಟನ್ನು ಮಾಡಬೇಕು ಎಂದು ಕೇಳುತ್ತಿದ್ದೇನೆ.

ಕಾಯ್ದೆ ಬಂದದ್ದಕ್ಕೆ ಕಾರಣವಿತ್ತು. 1967ರ ಚುನಾವಣೆಯ ನಂತರ ಹಲವು ರಾಜ್ಯಗಳಲ್ಲಿ ಸರ್ಕಾರಗಳು ತಿಂಗಳೊಪ್ಪತ್ತಿನಲ್ಲಿ ಬಿದ್ದವು. ಹರಿಯಾಣದ ಶಾಸಕ ಗಯಾ ಲಾಲ್ ಎರಡು ವಾರಗಳ ಅವಧಿಯಲ್ಲಿ ಮೂರು ಸಲ ಪಕ್ಷ ಬದಲಿಸಿ ‘ಆಯಾ ರಾಮ್ ಗಯಾ ರಾಮ್’ ಎಂಬ ನುಡಿಗಟ್ಟಿಗೆ ಕಾರಣರಾದರು. ಯಶವಂತರಾವ್ ಚವಾಣರ ಸಮಿತಿ ಕೂತಿತು, ವರದಿ ಕೊಟ್ಟಿತು. ಆದರೆ ತಿದ್ದುಪಡಿ ಬರಲು ರಾಜೀವ್ ಗಾಂಧಿಯವರ ಭಾರೀ ಬಹುಮತದ ಕಾಲದವರೆಗೆ ಕಾಯಬೇಕಾಯಿತು. ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಆ 52ನೇ ತಿದ್ದುಪಡಿಯವರೆಗೆ ನಮ್ಮ ಸಂವಿಧಾನದಲ್ಲಿ ರಾಜಕೀಯ ಪಕ್ಷ ಎಂಬುದರ ಪ್ರಸ್ತಾಪವೇ ಇರಲಿಲ್ಲ. ಸಂವಿಧಾನ ಬರೆದವರಿಗೆ ಪಕ್ಷಗಳು ಗೊತ್ತಿರಲಿಲ್ಲವೆಂದಲ್ಲ, ಅವರಲ್ಲಿ ಹೆಚ್ಚಿನವರು ಪಕ್ಷದವರೇ. ಆದರೂ ಸದನದಲ್ಲಿ ಆಡಿದ ಮಾತಿಗಾಗಲಿ ಹಾಕಿದ ಮತಕ್ಕಾಗಲಿ ನ್ಯಾಯಾಲಯದಲ್ಲಿ ಉತ್ತರ ಹೇಳಬೇಕಿಲ್ಲ ಎಂಬ ರಕ್ಷಣೆಯನ್ನು 194ನೇ ವಿಧಿಯಲ್ಲಿ ಅವರು ಕೊಟ್ಟದ್ದು ಸದಸ್ಯನಿಗೆ, ಅವನ ಪಕ್ಷಕ್ಕಲ್ಲ. ಪಕ್ಷ ಸಂವಿಧಾನದೊಳಕ್ಕೆ ಕಾಲಿಟ್ಟದ್ದೇ ಸದಸ್ಯನನ್ನು ಹೊರಹಾಕುವ ಅಧಿಕಾರದೊಂದಿಗೆ.

ಇನ್ನು ಈ ಅಧಿಕಾರದಿಂದ ಏನಾಯಿತು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಕಾಯ್ದೆ ಬಂದು ನಾಲ್ಕು ವರ್ಷವಾಗಿದ್ದಾಗ, 1989ರ ಏಪ್ರಿಲ್‌ನಲ್ಲಿ, ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ಬೆಂಬಲ ಹಿಂತೆಗೆದ 19 ಶಾಸಕರ ಪತ್ರಗಳು ರಾಜ್ಯಪಾಲರ ಕೈಗೆ ಬಂದವು. ಅವರಲ್ಲಿ ಏಳು ಮಂದಿ ಒಂದೆರಡು ದಿನದಲ್ಲೇ ತಮ್ಮ ಸಹಿಯನ್ನು ತಪ್ಪು ಹೇಳಿ ಪಡೆಯಲಾಗಿದೆ ಎಂದರು. ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದ ಮುಖ್ಯಮಂತ್ರಿಯ ಮಾತು ನಡೆಯಲಿಲ್ಲ, ರಾಷ್ಟ್ರಪತಿ ಆಳ್ವಿಕೆ ಬಂತು. ಬಹುಮತ ಅಳೆಯುವ ಜಾಗ ಸದನವೇ ಹೊರತು ರಾಜಭವನವಲ್ಲ ಎಂದು 1994ರಲ್ಲಿ ಹೇಳಿದ್ದು ಸುಪ್ರೀಂ ಕೋರ್ಟು. ಪಕ್ಷಾಂತರ ನಿಷೇಧ ಕಾಯ್ದೆ ಆ ಗೋಜಲಿನಲ್ಲಿ ಯಾವ ಕೆಲಸಕ್ಕೂ ಬಂದಿರಲಿಲ್ಲ. 2008ರಲ್ಲಿ ಬಿಜೆಪಿಯ ‘ಆಪರೇಷನ್ ಕಮಲ’ ಬೇರೊಂದು ಕಿಂಡಿ ತೋರಿಸಿತು: ವಿಪ್ ಉಲ್ಲಂಘಿಸಬೇಡಿ, ರಾಜೀನಾಮೆ ಕೊಡಿ, ಹೊಸ ಚಿಹ್ನೆಯ ಮೇಲೆ ಮತ್ತೆ ಗೆದ್ದು ಬನ್ನಿ. 2010ರ ಅಕ್ಟೋಬರ್‌ನಲ್ಲಿ ವಿಶ್ವಾಸಮತಕ್ಕೆ ಒಂದು ದಿನ ಮೊದಲು ಆಡಳಿತ ಪಕ್ಷದ 11 ಮತ್ತು ಐವರು ಪಕ್ಷೇತರ ಶಾಸಕರನ್ನು ಸ್ಪೀಕರ್ ಅನರ್ಹಗೊಳಿಸಿದರು. ಸರ್ಕಾರ ಉಳಿಯಿತು. ಆ ಆದೇಶ ಸರಿಯಲ್ಲವೆಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡುವ ಹೊತ್ತಿಗೆ 2011ರ ಮೇ ತಿಂಗಳು ಬಂದಿತ್ತು. ಪಕ್ಷಾಂತರ ತಡೆಯಲು ಬಂದ ಕಾಯ್ದೆ ಅಂದು ಸದನದಲ್ಲಿ ಮತ ಹಾಕುವವರ ಪಟ್ಟಿಯನ್ನೇ ಮೊಟಕು ಮಾಡುವ ಸಾಧನವಾಗಿತ್ತು.

2019ರ ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಅಲ್ಲಿ ಕಾಯ್ದೆಯ ಪ್ರತಿಯೊಂದು ಯಂತ್ರವೂ ನಿಯಮದಂತೆಯೇ ಚಲಿಸಿತು. ಶಾಸಕರು ರಾಜೀನಾಮೆ ಕೊಟ್ಟು ಮುಂಬೈ ಸೇರಿದರು. ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ ಸರ್ಕಾರ 99–105ರಿಂದ ಬಿತ್ತು. ಅದಾದ ಐದು ದಿನಗಳಲ್ಲಿ ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ಒಟ್ಟು 17 ಮಂದಿಯನ್ನು ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದು ಎಂಬ ಭಾಗವನ್ನು ತೆಗೆದುಹಾಕಿತು. ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದು, ಬಿಜೆಪಿ ಟಿಕೆಟ್‌ ಪಡೆದ 13 ಅನರ್ಹ ಶಾಸಕರಲ್ಲಿ 11 ಮಂದಿ ಗೆದ್ದರು. ಅನರ್ಹರಾದವರು ಮತ್ತೆ ಗೆಲ್ಲುವವರೆಗೆ ಮಂತ್ರಿಯಾಗುವಂತಿಲ್ಲ ಎಂದು 2003ರ 91ನೇ ತಿದ್ದುಪಡಿ ಹೇಳುತ್ತದಲ್ಲ, ಆ ಷರತ್ತೂ ಪೂರೈಸಿತು: 2020ರ ಫೆಬ್ರವರಿ 6ರಂದು ಅವರಲ್ಲಿ ಹತ್ತು ಮಂದಿ ಸಚಿವರಾದರು. ಅನರ್ಹತೆಯಿಂದ ಮಂತ್ರಿಗಿರಿಗೆ ಏಳು ತಿಂಗಳೂ ಹಿಡಿಯಲಿಲ್ಲ. ಸ್ಪೀಕರ್ ಕ್ರಮ ಕೈಗೊಂಡರು, ನ್ಯಾಯಾಲಯ ಒಪ್ಪಿತು, ಜನರೂ ತೀರ್ಪು ಕೊಟ್ಟರು; ಸರ್ಕಾರ ಮಾತ್ರ ಉರುಳಿತ್ತು. ಸರ್ಕಾರ ಬೀಳಿಸಬೇಕೆಂದು ಪಣ ತೊಟ್ಟವರಿಗೆ ಈ ಕಾಯ್ದೆ ಒಂದು ಉಪಚುನಾವಣೆಯ ಖರ್ಚು, ಅಷ್ಟೇ.

ಹಾಗಾದರೆ ಅದು ಯಾರನ್ನು ನಿಜವಾಗಿ ಕಟ್ಟಿಹಾಕಿದೆ? ಸರ್ಕಾರ ಬೀಳಿಸುವ ಇರಾದೆ ಇಲ್ಲದ, ತನ್ನ ಪಕ್ಷದಲ್ಲೇ ಉಳಿಯಬಯಸುವ, ಒಂದು ಮಸೂದೆಯ ಒಂದು ಖಂಡ ತನ್ನ ಕ್ಷೇತ್ರದ ರೈತರಿಗೋ ನೇಕಾರರಿಗೋ ಮಾರಕ ಎಂದು ತಿಳಿದ ಶಾಸಕನನ್ನು. ಮಸೂದೆ ಪಾಸಾಗುವ ಬಗೆಯನ್ನು ನೀವು ಪ್ರತಿ ಅಧಿವೇಶನದಲ್ಲೂ ನೋಡುತ್ತೀರಿ. ಸಚಿವರು ಎದ್ದು ವಿಧೇಯಕವನ್ನು ಪರ್ಯಾಲೋಚಿಸಬೇಕೆಂದು ಸೂಚಿಸುತ್ತಾರೆ. ಖಂಡಗಳನ್ನು ಒಂದೊಂದಾಗಿ ಅಲ್ಲ, ಗುಂಪು ಗುಂಪಾಗಿ ಮತಕ್ಕೆ ಹಾಕಲಾಗುತ್ತದೆ. ಪರ ಇರುವವರು ಹೌದು ಎನ್ನುತ್ತಾರೆ, ವಿರೋಧವಿದ್ದವರು ಇಲ್ಲ ಎನ್ನುತ್ತಾರೆ, ಹೌದು ಎಂದವರೇ ಹೆಚ್ಚು ಎಂದು ಪೀಠ ಘೋಷಿಸುತ್ತದೆ, ಮುಂದಿನ ವಿಷಯ ಬರುತ್ತದೆ. ಯಾರು ಹೌದೆಂದರು, ಯಾರು ಇಲ್ಲವೆಂದರು, ಯಾರು ಮೊಗಸಾಲೆಯಲ್ಲಿ ಕಾಫಿ ಕುಡಿಯುತ್ತಿದ್ದರು ಎಂಬುದಕ್ಕೆ ದಾಖಲೆ ಇಲ್ಲ. 2021ರ ಫೆಬ್ರವರಿಯಲ್ಲಿ ಗೋಹತ್ಯೆ ತಡೆ ಮಸೂದೆಗೆ ವಿಧಾನ ಪರಿಷತ್ತಿನ ಒಪ್ಪಿಗೆ ದೊರೆತದ್ದು ಗದ್ದಲದ ನಡುವಿನ ಧ್ವನಿಮತದಿಂದ, ಆಗ ಇದ್ದದ್ದು ಬಿಜೆಪಿ ಸರ್ಕಾರ. 2025ರ ಮಾರ್ಚ್ 21ರಂದು, ಕಾಂಗ್ರೆಸ್ ಸರ್ಕಾರದಲ್ಲಿ, ಕಾಗದದ ಚೂರುಗಳು ಪೀಠದತ್ತ ಹಾರುತ್ತಿದ್ದಾಗಲೇ ಮಸೂದೆಗಳು ಪಾಸಾದವು, 18 ಶಾಸಕರು ಅಮಾನತಾದರು. ಅದೇ ದಿನ ನಿಮ್ಮ ವೇತನವನ್ನು 40,000 ರೂಪಾಯಿಯಿಂದ 80,000ಕ್ಕೆ ಏರಿಸುವ ಮಸೂದೆಯೂ ಚರ್ಚೆಯಿಲ್ಲದೆ ಪಾಸಾಯಿತು. ಅದಕ್ಕಂತೂ ವಿಪ್ ಬೇಕಾಗಿರಲಿಲ್ಲ ಬಿಡಿ.

ನಿಮ್ಮನ್ನು ಆರಿಸುವ ಚುನಾವಣಾ ಪದ್ಧತಿಯನ್ನೂ ಇದರ ಜೊತೆಗಿಟ್ಟು ನೋಡಬೇಕು. ಕ್ಷೇತ್ರದಲ್ಲಿ ಎಲ್ಲರಿಗಿಂತ ಒಂದು ಮತ ಹೆಚ್ಚು ಪಡೆದವರು ಗೆಲ್ಲುವ ಪದ್ಧತಿ ನಮ್ಮದು. 2018ರಲ್ಲಿ ಸುಮಾರು ಶೇ 38 ಮತ ಪಡೆದ ಕಾಂಗ್ರೆಸ್ಸಿಗಿಂತ ಸುಮಾರು ಶೇ 36 ಪಡೆದ ಬಿಜೆಪಿಗೆ ಹೆಚ್ಚು ಸ್ಥಾನ ಬಂದವು. 2023ರಲ್ಲಿ ಸುಮಾರು ಶೇ 43 ಮತಕ್ಕೆ ಕಾಂಗ್ರೆಸ್ 135 ಸ್ಥಾನ ಪಡೆಯಿತು, ಅಂದರೆ ಸದನದ ಶೇ 60. ಸ್ಥಿರ ಸರ್ಕಾರ ಬೇಕೆಂದು ಈ ಏರುಪೇರನ್ನು ನಾವು ಒಪ್ಪಿಕೊಂಡಿದ್ದೇವೆ, ಒಪ್ಪಿಕೊಳ್ಳುವುದಕ್ಕೆ ಕಾರಣಗಳೂ ಇವೆ. ಆದರೆ ಇಂಥ ಪದ್ಧತಿಯಲ್ಲಿ ಅಲ್ಪಮತವನ್ನು ಬಹುಮತವಾಗಿ ಹಿಗ್ಗಿಸಿದ ಮೇಲೆ ಆ ಬಹುಮತದ ಒಳಗಿನ ಭಿನ್ನ ದನಿಗಳಾದರೂ ಉಳಿಯಬೇಕು. ವಿಪ್ ಅವನ್ನೂ ಅಳಿಸುತ್ತದೆ. 34 ಮಂದಿಯ ಸಂಪುಟ ಸಭೆ ಒಂದು ಸಂಜೆ ಒಪ್ಪಿದ್ದು ಉಳಿದ ನೂರು ಆಡಳಿತ ಪಕ್ಷದ ಶಾಸಕರ ಅಭಿಪ್ರಾಯವೂ ಆಗಿಬಿಡುತ್ತದೆ, ಆ ನೂರು ಮಂದಿ ಕರಡನ್ನು ಓದಿರಲಿ ಬಿಡಲಿ. ಸಂಪುಟಕ್ಕೆ ಶೇ 15ರ ಮಿತಿ ಹಾಕಿದ 91ನೇ ತಿದ್ದುಪಡಿಯ ಆಶಯವನ್ನೂ ನಿಗಮ–ಮಂಡಳಿಗಳ ಅಧ್ಯಕ್ಷಗಿರಿ ಸಂಪುಟ ದರ್ಜೆಯ ಸ್ಥಾನಮಾನದೊಂದಿಗೆ ಹಿಂಬಾಗಿಲಿನಿಂದ ದುರ್ಬಲಗೊಳಿಸಿದೆ.

ಬೇರೆ ಕಡೆ ಹೇಗಿದೆ? ವಿಪ್ ಎಂಬ ಸಂಪ್ರದಾಯ ನಮಗೆ ಬಂದದ್ದು ಬ್ರಿಟನ್ನಿನಿಂದ. ಅಲ್ಲಿ 2003ರ ಮಾರ್ಚ್‌ನಲ್ಲಿ ಇರಾಕ್ ಯುದ್ಧದ ಪ್ರಶ್ನೆ ಬಂದಾಗ ಲೇಬರ್ ಪಕ್ಷದ 139 ಸಂಸದರು ತಮ್ಮದೇ ಪ್ರಧಾನಿಯ ವಿರುದ್ಧ ಮತ ಹಾಕಿದರು. 2019ರ ಸೆಪ್ಟೆಂಬರ್‌ನಲ್ಲಿ ಬ್ರೆಕ್ಸಿಟ್ ವಿಚಾರದಲ್ಲಿ ತಿರುಗಿಬಿದ್ದ 21 ಕನ್ಸರ್ವೇಟಿವ್ ಸಂಸದರನ್ನು, ಚರ್ಚಿಲ್ಲರ ಮೊಮ್ಮಗನೂ ಸೇರಿದಂತೆ, ಸಂಸದೀಯ ಪಕ್ಷದಿಂದ ಹೊರಹಾಕಲಾಯಿತು. ಪಕ್ಷ ಅವರನ್ನು ಹೊರಹಾಕಬಹುದಿತ್ತು, ಸಂಸತ್ತಿನಿಂದ ಹೊರಹಾಕುವಂತಿರಲಿಲ್ಲ. ಬ್ರಿಟನ್ನಿನ ಉದಾಹರಣೆ ನಮಗೆ ದೂರವಾಯಿತೆನ್ನುವವರು ಪಾಕಿಸ್ತಾನವನ್ನು ನೋಡಬಹುದು. ಅಲ್ಲಿನ ಸಂವಿಧಾನದ 63–ಎ ವಿಧಿ ಪಕ್ಷದ ನಿರ್ದೇಶನವನ್ನು ಕಡ್ಡಾಯ ಮಾಡುವುದು ಪ್ರಧಾನಿ ಅಥವಾ ಮುಖ್ಯಮಂತ್ರಿಯ ಆಯ್ಕೆ, ವಿಶ್ವಾಸ–ಅವಿಶ್ವಾಸ ಮತ, ಹಣಕಾಸು ಮಸೂದೆ ಮತ್ತು ಸಂವಿಧಾನ ತಿದ್ದುಪಡಿಗಳಿಗೆ ಮಾತ್ರ. ಪ್ರಜಾತಂತ್ರದ ಪಾಠಕ್ಕೆ ನಾವು ಸಾಮಾನ್ಯವಾಗಿ ಆ ಕಡೆ ನೋಡುವುದಿಲ್ಲ. ಆದರೆ ಈ ಒಂದು ವಾಕ್ಯವನ್ನು ಅವರು ನಮಗಿಂತ ಎಚ್ಚರದಿಂದ ಬರೆದಿದ್ದಾರೆ.

ನಮ್ಮಲ್ಲೂ ಈ ಮಾತು ಹೊಸದಲ್ಲ. ಚುನಾವಣಾ ಸುಧಾರಣೆಗೆ ನೇಮಿಸಿದ್ದ ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ, ಪಕ್ಷ ತೊರೆದವರಿಗೆ ಮತ್ತು ವಿಶ್ವಾಸ–ಅವಿಶ್ವಾಸ ಮತಗಳಲ್ಲಿ ವಿಪ್ ಉಲ್ಲಂಘಿಸಿದವರಿಗೆ ಮಾತ್ರ ಅನರ್ಹತೆ ಇರಲಿ ಎಂದಿತು. ಕಾನೂನು ಆಯೋಗದ 170ನೇ ವರದಿ 1999ರಲ್ಲಿ, ಸರ್ಕಾರದ ಅಳಿವು ಉಳಿವಿನ ಪ್ರಶ್ನೆ ಇದ್ದಾಗ ಮಾತ್ರ ವಿಪ್ ಹೊರಡಿಸಿ ಎಂದಿತು. 1992ರ ಕಿಹೊತೊ ಹೊಲ್ಲೊಹಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೂರು–ಎರಡರ ಬಹುಮತದಿಂದ ಕಾಯ್ದೆಯನ್ನು ಎತ್ತಿಹಿಡಿದಾಗ ಬಹುಮತದ ತೀರ್ಪು ಬರೆದವರು ನಮ್ಮ ಬೆಂಗಳೂರಿನ ಎಂ.ಎನ್. ವೆಂಕಟಾಚಲಯ್ಯನವರು. ಕಾಯ್ದೆಯನ್ನು ಉಳಿಸಿದ ಆ ತೀರ್ಪೇ ‘ಯಾವುದೇ ನಿರ್ದೇಶನ’ ಎಂಬ ಪದಗಳನ್ನು ಮನಬಂದಂತೆ ಓದಬಾರದು, ಸರ್ಕಾರದ ಉಳಿವಿಗೆ ಅಥವಾ ಪಕ್ಷ ಜನರ ಮುಂದಿಟ್ಟ ಮೂಲ ನೀತಿಗೆ ಸಂಬಂಧಿಸಿದ ಮತಕ್ಕೆ ಸೀಮಿತವಾಗಿರಬೇಕು ಎಂದಿದೆ. ಪಕ್ಷಗಳು ತೀರ್ಪಿನ ಮೊದಲರ್ಧವನ್ನು ಓದಿ ಪುಸ್ತಕ ಮುಚ್ಚಿದವು.

ವಿರೋಧದ ಮಾತುಗಳಲ್ಲಿ ಗಟ್ಟಿಯಾದದ್ದು ಹಣದ ಬಗೆಗಿನದು. ವಿಪ್ ಸಡಿಲವಾದರೆ ಗಣಿಯವರು, ರಿಯಲ್ ಎಸ್ಟೇಟಿನವರು, ಖಾಸಗಿ ಕಾಲೇಜುಗಳವರು ಪ್ರತಿ ಮಸೂದೆಗೂ ಶಾಸಕರನ್ನು ಕೊಳ್ಳುತ್ತಾರೆ, ಈಗ ಐದು ವರ್ಷಕ್ಕೊಮ್ಮೆ ನಡೆಯುವ ಕುದುರೆ ವ್ಯಾಪಾರ ವಾರಕ್ಕೊಮ್ಮೆ ನಡೆಯುತ್ತದೆ ಎಂಬ ಭಯವನ್ನು ತಳ್ಳಿಹಾಕಲಾರೆ. ಆದರೆ ಈಗಿನ ಸ್ಥಿತಿಯಲ್ಲಿ ಒತ್ತಡ ಹೇರುವವರ ಕೆಲಸ ಕಷ್ಟವಾಗಿದೆಯೇ? ಸದನ ಪೂರ್ತಿ ಮುಷ್ಟಿಯಲ್ಲಿರುವ ಕೆಲವೇ ನಾಯಕರನ್ನು ಒಲಿಸಿಕೊಂಡರೆ ಸಾಕು ಎಂಬ ಏರ್ಪಾಡು ನೂರು ಮಂದಿಯನ್ನು ಒಲಿಸಬೇಕಾದ ಏರ್ಪಾಡಿಗಿಂತ ಅವರಿಗೆ ಸಲೀಸು. 2024ರ ಜುಲೈನಲ್ಲಿ ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಆಡಳಿತಾತ್ಮಕ ಹುದ್ದೆಗಳಲ್ಲಿ ಶೇ 50, ಇತರ ಹುದ್ದೆಗಳಲ್ಲಿ ಶೇ 70 ಮೀಸಲಿಡುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಗಳಿಂದ ಆಕ್ಷೇಪ ಬಂದೊಡನೆ ಅದನ್ನು ತಡೆಹಿಡಿಯಿತು. ಆ ಮಸೂದೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ಬೇರೆ ಚರ್ಚೆ. ಕನ್ನಡಿಗರ ಕೆಲಸದ ವಿಷಯದಲ್ಲಿ ತೀರ್ಮಾನ ಆದದ್ದೂ ಸದನದ ಹೊರಗೆ, ಹೋದದ್ದೂ ಸದನದ ಹೊರಗೆ. ನಿಮ್ಮಲ್ಲಿ ಒಬ್ಬರಿಗೂ ಅದರ ಪರವೋ ವಿರುದ್ಧವೋ ನಿಲ್ಲುವ ಅವಕಾಶ ಬರಲಿಲ್ಲ. ಹಣದ ಭಯಕ್ಕೆ ಔಷಧ ಇರುವುದು ದಾಖಲಾಗುವ ಮತದಲ್ಲಿ. ಮಸೂದೆಗೆ ವಿರುದ್ಧವಾಗಿ ಮತ ಹಾಕಿದ ಶಾಸಕ ತನ್ನ ಹೆಸರಿನೊಂದಿಗೆ ಹಾಕಲಿ, ಯಾಕೆ ಹಾಕಿದೆ ಎಂದು ಕ್ಷೇತ್ರದಲ್ಲಿ ಹೇಳಲಿ. ಧ್ವನಿಮತದಲ್ಲಿ ಮಾತ್ರ ಮಾರಾಟವಾದವನೂ ಆಗದವನೂ ಒಂದೇ ಥರ ಕೇಳಿಸುತ್ತಾರೆ.

ಎರಡನೆಯ ಆಕ್ಷೇಪ: ಜನ ಮತ ಹಾಕಿದ್ದು ಚಿಹ್ನೆಗೆ, ಅಭ್ಯರ್ಥಿಗಲ್ಲ, ಚಿಹ್ನೆಯ ಮೇಲೆ ಗೆದ್ದವರು ಪಕ್ಷದ ಮಾತು ಮೀರಿದರೆ ಅದು ಮತದಾರರಿಗೆ ದ್ರೋಹ. ಇದರಲ್ಲಿ ಅರ್ಧ ಸತ್ಯವಿದೆ. ಪಕ್ಷ ಪ್ರಣಾಳಿಕೆಯಲ್ಲಿ ಬರೆದು ಮತ ಕೇಳಿದ ವಿಷಯಕ್ಕೆ ವಿಪ್ ಇದ್ದರೆ ನನ್ನ ತಕರಾರಿಲ್ಲ, ಕಿಹೊತೊ ತೀರ್ಪು ಹೇಳಿದ್ದೂ ಅದನ್ನೇ. ಆದರೆ ಒಂದು ಅಧಿವೇಶನದಲ್ಲಿ ಬರುವ ಮಸೂದೆಗಳಲ್ಲಿ ಎಷ್ಟು ಪ್ರಣಾಳಿಕೆಯಿಂದ ಇಳಿದು ಬಂದಿರುತ್ತವೆ? ವಿಶ್ವವಿದ್ಯಾಲಯಗಳ ಕಾಯ್ದೆಗೆ, ಸಹಕಾರ ಸಂಘಗಳ ಕಾಯ್ದೆಗೆ, ಭೂಕಂದಾಯ ಕಾಯ್ದೆಗೆ ಬರುವ ತಿದ್ದುಪಡಿಗಳ ಬಗ್ಗೆ ಮತದಾರರು ಚಿಹ್ನೆ ನೋಡಿ ಅಭಿಪ್ರಾಯ ಕೊಟ್ಟಿರುವುದಿಲ್ಲ. ಇನ್ನು ಚಿಹ್ನೆಗೆ ಅಷ್ಟು ನಿಷ್ಠೆ ಬಯಸುವ ಕಾನೂನು ರಾಜ್ಯಸಭಾ ಚುನಾವಣೆಯಲ್ಲಿ ಕಣ್ಣು ಮುಚ್ಚಿಕೊಳ್ಳುವುದೇಕೆ? ಅಲ್ಲಿ ಹತ್ತನೇ ಅನುಸೂಚಿ ಅನ್ವಯಿಸುವುದಿಲ್ಲ. 2024ರ ಫೆಬ್ರವರಿಯಲ್ಲಿ ನಿಮ್ಮಲ್ಲೇ ಒಬ್ಬರು ಎದುರು ಪಕ್ಷದ ಅಭ್ಯರ್ಥಿಗೆ ಮತ ಹಾಕಿದರು, ಇನ್ನೊಬ್ಬರು ಮತದಾನಕ್ಕೇ ಹೋಗಲಿಲ್ಲ. ಆ ಮತಕ್ಕಾಗಿ ಸದಸ್ಯತ್ವ ಹೋಗಲಿಲ್ಲ.

ನಮ್ಮ ಪಕ್ಷಗಳು ಬ್ರಿಟನ್ನಿನ ಪಕ್ಷಗಳಂತಲ್ಲ, ಇಲ್ಲಿ ಟಿಕೆಟ್ ಕೊಡುವವರು ಬೇರೆಲ್ಲೋ ಕೂತಿರುತ್ತಾರೆ, ಕಾಯ್ದೆ ಬದಲಾದರೂ ಯಾರೂ ಬಾಯಿ ಬಿಡುವುದಿಲ್ಲ ಎನ್ನುವವರೂ ಇದ್ದಾರೆ. ಇರಬಹುದು. ಮುಂದಿನ ಸಲದ ಟಿಕೆಟ್ ಕಳೆದುಕೊಳ್ಳುವ ಭಯವನ್ನು ಯಾವ ತಿದ್ದುಪಡಿಯೂ ತೆಗೆಯಲಾರದು. ಆದರೆ ಟಿಕೆಟ್ ತಪ್ಪುವುದಕ್ಕೂ ಇರುವ ಸ್ಥಾನ ಈಗಲೇ ಹೋಗುವುದಕ್ಕೂ ವ್ಯತ್ಯಾಸವಿದೆ, ಮತ್ತು ಹತ್ತು ಮಂದಿ ಒಟ್ಟಿಗೆ ಭಿನ್ನಮತ ದಾಖಲಿಸಿದರೆ ಹತ್ತೂ ಟಿಕೆಟ್ ತಪ್ಪಿಸುವ ಧೈರ್ಯ ಯಾವ ಹೈಕಮಾಂಡಿಗೂ ಸುಲಭವಾಗಿ ಬರುವುದಿಲ್ಲ.

ಸಂವಿಧಾನ ತಿದ್ದುವುದು ಸಂಸತ್ತಿನ ಕೆಲಸ, ನಮ್ಮಿಂದೇನಾಗುತ್ತದೆ ಎಂದು ನೀವು ಕೇಳಬಹುದು. ಮೊದಲನೆಯದಾಗಿ, ಎರಡನೇ ಪ್ಯಾರಾದ ಹಿಡಿತವನ್ನು ವಿಶ್ವಾಸಮತ ಮತ್ತು ಹಣಕಾಸು ಮಸೂದೆಗಳಿಗೆ ಸೀಮಿತಗೊಳಿಸಿ ಎಂದು ಸಂಸತ್ತನ್ನು ಕೋರುವ ನಿರ್ಣಯವನ್ನು ಈ ಸದನ ಅಂಗೀಕರಿಸಬಹುದು. ಈ ಕಾಯ್ದೆಯ ಒಳಿತು ಕೆಡುಕುಗಳನ್ನು ಕರ್ನಾಟಕದಷ್ಟು ಅನುಭವಿಸಿದ ರಾಜ್ಯ ಹೆಚ್ಚಿಲ್ಲ, ಆ ಕೋರಿಕೆಗೆ ತೂಕ ಇರುತ್ತದೆ. ಆದರೆ ಅದಕ್ಕೂ ಮೊದಲು ಕಾಯ್ದೆಯನ್ನು ಇನ್ನೊಮ್ಮೆ ಓದಿ. ನಿರ್ದೇಶನ ಇದ್ದರೆ ಮಾತ್ರ ಉಲ್ಲಂಘನೆ. ವಿಪ್ ಹೊರಡಿಸಲೇಬೇಕು ಎಂದು ಅದು ಎಲ್ಲಿಯೂ ಹೇಳಿಲ್ಲ. ಸಾಮಾನ್ಯ ಮಸೂದೆಗಳಿಗೆ ವಿಪ್ ಕೊಡುವುದಿಲ್ಲ ಎಂದು ಒಂದು ಶಾಸಕಾಂಗ ಪಕ್ಷ ತೀರ್ಮಾನಿಸಿದರೆ ಆ ದಿನದಿಂದಲೇ ಅದರ ಸದಸ್ಯರು ಸ್ವತಂತ್ರರು. ಸಂವಿಧಾನದ ಒಂದಕ್ಷರವೂ ಬದಲಾಗಬೇಕಿಲ್ಲ. ಶಾಸಕಾಂಗ ಪಕ್ಷದ ಸಭೆಯಲ್ಲಿ ಈ ಪ್ರಶ್ನೆ ಎತ್ತುವುದಕ್ಕೆ ಯಾವ ಅನುಸೂಚಿಯೂ ಅಡ್ಡ ಬರುವುದಿಲ್ಲ.

ಎರಡನೆಯದು ಸಮಿತಿಗಳು. ಗ್ರೇಟರ್ ಬೆಂಗಳೂರು ಆಡಳಿತ ಮಸೂದೆ 2024ರ ಜುಲೈನಲ್ಲಿ ಮಂಡನೆಯಾದಾಗ ಅದನ್ನು ಅವಸರದಲ್ಲಿ ಪಾಸು ಮಾಡದೆ ಎರಡೂ ಸದನಗಳ ಜಂಟಿ ಪರಿಶೀಲನಾ ಸಮಿತಿಗೆ ಒಪ್ಪಿಸಲಾಯಿತು. ಹತ್ತರವರೆಗೆ ಪಾಲಿಕೆ ಮಾಡಬಹುದೆಂದಿದ್ದ ಮಸೂದೆ ಸಮಿತಿಯಿಂದ ಹೊರಬಂದಾಗ ಆ ಮಿತಿ ಏಳಕ್ಕೆ ಇಳಿದಿತ್ತು. ಆ ಕಾಯ್ದೆಯ ಬಗ್ಗೆ ನನಗೆ ಈಗಲೂ ಆಕ್ಷೇಪಗಳಿವೆ. ಆದರೆ ಹಲವು ತಿಂಗಳ ಆ ಪರಿಶೀಲನೆ ಶಾಸಕರು ಶಾಸನ ರಚಿಸಬಲ್ಲರು ಎಂಬುದಕ್ಕೆ ಸಾಕ್ಷಿ. ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕೆಂದು 2005ರಲ್ಲಿ ಈ ಶಾಸನಸಭೆಯೇ ಕಾಯ್ದೆ ಮಾಡಿಕೊಂಡಿದೆ. ಅದನ್ನು ಪಾಲಿಸಿದರೆ ಸಮಿತಿಗಳ ವರದಿ ಚರ್ಚಿಸಲು ದಿನಗಳು ಸಿಗುತ್ತವೆ. ತಾವೇ ಮಾಡಿದ ಕಾಯ್ದೆಯನ್ನು ವರ್ಷ ವರ್ಷ ತಾವೇ ಮುರಿಯುವವರು ಜನರಿಂದ ಕಾಯ್ದೆ ಪಾಲನೆ ಬಯಸುವುದು ಹೇಗೆ?

ಕೊನೆಯದಾಗಿ, ಯಾರ ಅನುಮತಿಯೂ ಬೇಡದ ಒಂದು ಕೆಲಸವಿದೆ. ಮುಂದಿನ ಅಧಿವೇಶನದಲ್ಲಿ ಮಸೂದೆಯೊಂದು ಧ್ವನಿಮತಕ್ಕೆ ಬಂದಾಗ ನಿಮ್ಮಲ್ಲಿ ಒಬ್ಬರು, ಯಾವ ಪಕ್ಷದವರಾದರೂ ಸರಿ, ಎದ್ದು ನಿಂತು ಮತ ವಿಭಜನೆ ಕೇಳಿ. 2019ರ ಜುಲೈ 23ರಂದು ಸಾಲು ಸಾಲಾಗಿ ತಲೆ ಎಣಿಸಿದ ಸದನಕ್ಕೆ ಅದು ಗೊತ್ತಿಲ್ಲದ ವಿದ್ಯೆಯಲ್ಲ. ಸರ್ಕಾರ ಬೀಳುವಾಗ ಮಾತ್ರ ಎಣಿಸಬೇಕೆಂದಿಲ್ಲ. ಕಾನೂನು ಹುಟ್ಟುವಾಗಲೂ ಎಣಿಸಿ, ಹೆಸರುಗಳನ್ನು ನಡಾವಳಿಯಲ್ಲಿ ಅಚ್ಚು ಹಾಕಿಸಿ. ನಿಮಗೆ ಮತ ಹಾಕಿದ ನಾವು ಅದನ್ನು ಓದುತ್ತೇವೆ.

ಇತಿ,
ಒಬ್ಬ ಮತದಾರ